ಕರ್ನಲ್ ಫಜಿಂಗ್‌ಗೆ ವರ್ಚುವಲ್ ಯಂತ್ರಗಳನ್ನು ಅಣಿಗೊಳಿಸುವುದು ಹೇಗೆ?

ಪ್ರಶ್ನೆ: ಲಿನಕ್ಸ್ ಕರ್ನಲ್ ಅನ್ನು ಸಿಜ್‌ಕಾಲರ್ ಎಂಬ ಉಪಕರಣದ ಮೂಲಕ ಫಜ್ ಪರೀಕ್ಷೆಗೆ, ಅಂದರೆ ಅಡ್ಡಾದಿಡ್ಡಿ ಕರೆಗಳನ್ನು ಕೊಟ್ಟು ದೋಷ ಹುಡುಕುವ ಪರೀಕ್ಷೆಗೆ, ಒಳಪಡಿಸಲು ಯತ್ನಿಸುತ್ತಿದ್ದೇನೆ. ನನ್ನ ಕಂಪ್ಯೂಟರಿನಲ್ಲಿ 16 ಥ್ರೆಡ್‌ಗಳ ಪ್ರೊಸೆಸರ್ ಮತ್ತು 32 ಜಿಬಿ ಮೆಮೊರಿ ಇದೆ. ವಿಂಡೋಸ್ ಮೇಲೆ ವರ್ಚುವಲ್‌ಬಾಕ್ಸ್ ಹಾಕಿ, ಅದರೊಳಗಿನ ಉಬುಂಟುವಿಗೆ 12 ಸಿಪಿಯು ಮತ್ತು 20 ಜಿಬಿ ಕೊಟ್ಟು, ಆ ಉಬುಂಟುವಿನೊಳಗೆ ತಲಾ 2 ಸಿಪಿಯು, 2 ಜಿಬಿಯ 10 ಕ್ಯೂಎಮು (ವರ್ಚುವಲ್ ಯಂತ್ರ ಓಡಿಸುವ ಇನ್ನೊಂದು ತಂತ್ರಾಂಶ) ಯಂತ್ರಗಳನ್ನು ಓಡಿಸುತ್ತಿದ್ದೇನೆ. ಮೊದಲು ಸ್ವಲ್ಪ ಹೊತ್ತು ಎಲ್ಲ ಸರಿಯಿರುತ್ತದೆ. ಆಮೇಲೆ 'ಪರೀಕ್ಷಾ ಯಂತ್ರದ ಸಂಪರ್ಕ ಕಡಿದುಹೋಗಿದೆ' ಎಂಬ ವರದಿಗಳು ಒಂದರ ಹಿಂದೊಂದು ಬರುತ್ತವೆ, ನಡುನಡುವೆ ಆರ್‌ಸಿಯು (ಕರ್ನಲ್‌ನ ಒಂದು ಸಿಂಕ್ರೊನೈಸೇಷನ್ ವ್ಯವಸ್ಥೆ) ಸ್ಟಾಲ್ ಎಂಬ ವರದಿಯೂ ಇರುತ್ತದೆ. ಕೈಯಿಂದ ಬೂಟ್ ಮಾಡಿ ನೋಡುತ್ತಿದ್ದ ಇಮೇಜ್ ಒಂದು ಕ್ರ್ಯಾಶ್ ಆದ ಮೇಲೆ ಮತ್ತೆ ಬೂಟ್ ಆಗಲೇ ಇಲ್ಲ. ಯಂತ್ರಗಳನ್ನು ಹೇಗೆ ಅಣಿಗೊಳಿಸಬೇಕು? ನನಗೆ ಸಿಕ್ಕಿರುವುದು ನಿಜವಾದ ದೋಷಗಳೇ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ, ಈ ವರದಿಗಳಲ್ಲಿ ಬಹುಪಾಲು ಕರ್ನಲ್‌ನ ದೋಷಗಳಲ್ಲ, ಏರ್ಪಾಡಿನ ದೋಷಗಳು. ಅವುಗಳ ನಡುವೆ ಒಂದೆರಡು ನಿಜವಾದ ದೋಷಗಳು ಇದ್ದರೂ ಇರಬಹುದು, ಆದರೆ ಈಗಿನ ಏರ್ಪಾಡಿನಲ್ಲಿ ಅವನ್ನು ಬೇರ್ಪಡಿಸಿ ತೋರಿಸುವ ಸಾಕ್ಷ್ಯ ನಿಮ್ಮ ಬಳಿ ಉಳಿದಿಲ್ಲ. ಸಾಮಾನ್ಯ ಕೆಲಸಕ್ಕೆ ಕಟ್ಟುವ ವರ್ಚುವಲ್ ಯಂತ್ರವು ಬೀಳದೆ ನಿಲ್ಲಬೇಕೆಂದು ನಾವು ಬಯಸುತ್ತೇವೆ. ಫಜಿಂಗ್‌ಗೆ ಕಟ್ಟುವ ಯಂತ್ರ ಬೀಳುವುದಕ್ಕಾಗಿಯೇ ಇರುವುದು. ಆದ್ದರಿಂದ ಅದರ ಯೋಗ್ಯತೆಯನ್ನು ಬೇರೆ ರೀತಿಯಲ್ಲಿ ಅಳೆಯಬೇಕು: ಬಿದ್ದದ್ದು ತಕ್ಷಣ ತಿಳಿಯಬೇಕು, ಏಕೆ ಬಿತ್ತೆಂಬುದು ಅಕ್ಷರಶಃ ದಾಖಲಾಗಿರಬೇಕು, ಮರುಕ್ಷಣ ಅದೇ ಮೂಲಸ್ಥಿತಿಯಲ್ಲಿ ಇನ್ನೊಂದು ಯಂತ್ರ ಎದ್ದು ನಿಲ್ಲಬೇಕು. ಮುಂದೆ ಹೇಳುವ ಆಯ್ಕೆಗಳೆಲ್ಲವೂ ಈ ಅಗತ್ಯಗಳಿಂದಲೇ ಹುಟ್ಟಿದವು.

ಮೊದಲು ಯಾವ ಕೆಲಸ ಎಲ್ಲಿ ನಡೆಯುತ್ತದೆಂಬುದು ಸ್ಪಷ್ಟವಾಗಿರಲಿ. ಸಿಜ್‌ಕಾಲರ್‌ನಲ್ಲಿ ಮ್ಯಾನೇಜರ್ ಎಂಬ ಪ್ರೋಗ್ರಾಮ್ ಹೋಸ್ಟ್‌ನಲ್ಲಿ, ಅಂದರೆ ವರ್ಚುವಲ್ ಯಂತ್ರಗಳನ್ನು ಹೊತ್ತ ವ್ಯವಸ್ಥೆಯಲ್ಲಿ, ಓಡುತ್ತದೆ. ಅದು ಯಂತ್ರಗಳನ್ನು ಬೂಟ್ ಮಾಡಿ, ಎಸ್‌ಎಸ್‌ಎಚ್ (ಜಾಲದ ಮೂಲಕ ಲಾಗಿನ್ ಆಗುವ ವಿಧಾನ) ಮೂಲಕ ಎಕ್ಸಿಕ್ಯೂಟರ್ ಎಂಬ ಭಾಗವನ್ನು ಗೆಸ್ಟ್‌ನೊಳಗೆ, ಅಂದರೆ ವರ್ಚುವಲ್ ಯಂತ್ರದೊಳಗೆ, ಕಳುಹಿಸುತ್ತದೆ. ಎಕ್ಸಿಕ್ಯೂಟರ್ ಸಿಸ್ಟಮ್ ಕಾಲ್‌ಗಳ (ಪ್ರೋಗ್ರಾಮ್‌ಗಳು ಕರ್ನಲ್‌ಗೆ ಮಾಡುವ ಕೋರಿಕೆಗಳ) ಸರಣಿಗಳನ್ನು ನಡೆಸಿ, ಕರ್ನಲ್‌ನ ಯಾವ ಯಾವ ಭಾಗ ಓಡಿತೆಂಬ ಕವರೇಜ್ ಮಾಹಿತಿಯನ್ನು ಹಿಂದಕ್ಕೆ ಕೊಡುತ್ತದೆ. ಹೊಸ ದಾರಿ ತೆರೆದ ಸರಣಿಗಳು ಕಾರ್ಪಸ್ ಎಂಬ ಸಂಗ್ರಹಕ್ಕೆ ಸೇರುತ್ತವೆ, ಅವನ್ನೇ ತಿರುಚಿ ಮುಂದಿನ ಸರಣಿಗಳು ಹುಟ್ಟುತ್ತವೆ. ಹಿಂದೆ ಗೆಸ್ಟ್‌ನೊಳಗೆ ಓಡುತ್ತಿದ್ದ, ಸರಣಿಗಳನ್ನು ಹುಟ್ಟಿಸುವ ಫಜರ್ ಭಾಗವನ್ನು 2024ರಲ್ಲಿ ಹೋಸ್ಟ್‌ನ ಮ್ಯಾನೇಜರ್‌ಗೆ ಸೇರಿಸಲಾಯಿತು. ಹಳೆಯ ಮಾರ್ಗದರ್ಶಿಗಳನ್ನು ನೋಡಿ ಏರ್ಪಾಡು ಮಾಡುವವರು ಇದನ್ನು ಗಮನಿಸಬೇಕು, ಏಕೆಂದರೆ ಈಗ ಮ್ಯಾನೇಜರ್‌ಗೂ ಹೋಸ್ಟ್‌ನಲ್ಲಿ ಗಣನೀಯ ಸಿಪಿಯು ಮತ್ತು ಮೆಮೊರಿ ಬೇಕಾಗುತ್ತದೆ. ಎಲ್ಲವನ್ನೂ ಗೆಸ್ಟ್‌ಗಳಿಗೇ ಹಂಚಿಬಿಟ್ಟರೆ ಮ್ಯಾನೇಜರ್ ಹಸಿದಿರುತ್ತದೆ.

ಇನ್ನು ನಿಮ್ಮ ಪದರಗಳ ವಿಚಾರ. ವಿಂಡೋಸ್, ಅದರ ಮೇಲೆ ವರ್ಚುವಲ್‌ಬಾಕ್ಸ್, ಅದರೊಳಗೆ ಉಬುಂಟು, ಅದರೊಳಗೆ ಕ್ಯೂಎಮು. ಕ್ಯೂಎಮು ತಾನಾಗಿಯೇ ವೇಗವಾಗಿರುವುದಿಲ್ಲ. ಪ್ರೊಸೆಸರ್‌ನ ವರ್ಚುವಲೀಕರಣ ಸೌಲಭ್ಯವನ್ನು ಲಿನಕ್ಸ್‌ನ ಕೆವಿಎಂ ಎಂಬ ಭಾಗದ ಮೂಲಕ ಬಳಸಿದಾಗ ಮಾತ್ರ ಗೆಸ್ಟ್‌ನ ಆದೇಶಗಳು ನೇರವಾಗಿ ಪ್ರೊಸೆಸರ್ ಮೇಲೆ ಓಡುತ್ತವೆ. ಕೆವಿಎಂ ಸಿಗದಿದ್ದರೆ ಕ್ಯೂಎಮು ಪ್ರತಿಯೊಂದು ಆದೇಶವನ್ನೂ ಸಾಫ್ಟ್‌ವೇರ್‌ನಲ್ಲಿ ಅನುವಾದಿಸಿ ಓಡಿಸುತ್ತದೆ, ಮತ್ತು ಆ ವೇಗದಲ್ಲಿ ಕರ್ನಲ್ ಫಜಿಂಗ್ ಮಾಡಿ ಪ್ರಯೋಜನವಿಲ್ಲ. ಉಬುಂಟುವಿನಲ್ಲಿ 'ಡೆವ್' ಕೋಶದೊಳಗೆ 'ಕೆವಿಎಂ' ಎಂಬ ಕಡತ ಇದೆಯೇ, ನಿಮ್ಮ ಬಳಕೆದಾರ ಖಾತೆಗೆ ಅದನ್ನು ತೆರೆಯುವ ಅನುಮತಿ ಇದೆಯೇ ಎಂದು ಮೊದಲು ನೋಡಿ. ಅದು ಇಲ್ಲವಾದರೆ ನೀವು ಇದುವರೆಗೆ ಓಡಿಸಿದ್ದು ಬರಿಯ ಅನುಕರಣೆ. ಇದ್ದರೂ ಒಂದು ತೊಡಕು ಉಳಿಯುತ್ತದೆ: ಗೆಸ್ಟ್‌ನಿಂದ ನಿಯಂತ್ರಣ ಹೊರಬರಬೇಕಾದ ಪ್ರತಿ ಸಂದರ್ಭದಲ್ಲೂ ಎರಡು ಹೈಪರ್‌ವೈಸರ್‌ಗಳನ್ನು (ವರ್ಚುವಲ್ ಯಂತ್ರಗಳನ್ನು ನಡೆಸುವ ಪದರಗಳನ್ನು) ದಾಟಬೇಕು, ಮತ್ತು ಒಳಗಿನ ವರ್ಚುವಲ್ ಸಿಪಿಯುಗೆ ಸರದಿ ಯಾವಾಗ ಸಿಗುತ್ತದೆಂಬುದನ್ನು ಎರಡು ಶೆಡ್ಯೂಲರ್‌ಗಳು ಸೇರಿ ನಿರ್ಧರಿಸುತ್ತವೆ.

ನೀವು ನೋಡಿದ ಆರ್‌ಸಿಯು ಸ್ಟಾಲ್ ವರದಿಗಳ ಮೂಲ ಬಹುಶಃ ಇಲ್ಲಿಯೇ ಇದೆ. ಒಂದು ಸಿಪಿಯು ಬಹಳ ಹೊತ್ತು ಮಿಸುಕದೆ ಕುಳಿತಿದೆ ಎಂದು ಗೆಸ್ಟ್‌ನ ಕರ್ನಲ್ ದೂರುತ್ತದೆ. ಆದರೆ ಹೊರಗಿನ ಪದರ ಆ ಸಿಪಿಯುಗೆ ಓಡಲು ಅವಕಾಶವನ್ನೇ ಕೊಟ್ಟಿರಲಿಲ್ಲ ಎಂಬುದು ಗೆಸ್ಟ್‌ಗೆ ತಿಳಿಯುವ ಬಗೆಯಿಲ್ಲ. 12 ಸಿಪಿಯುಗಳ ಮೇಲೆ 20 ವರ್ಚುವಲ್ ಸಿಪಿಯುಗಳನ್ನು ನೂಕಿದಾಗ ಇದು ಆಗದಿದ್ದರೇ ಆಶ್ಚರ್ಯ. ಪದರಗಳಲ್ಲಿ ಒಂದನ್ನು ಕಿತ್ತುಹಾಕಿ ಎಂಬುದು ನನ್ನ ಸಲಹೆ: ಇನ್ನೊಂದು ಡಿಸ್ಕ್‌ನಲ್ಲೋ ಬೇರೆ ಪಾರ್ಟಿಷನ್‌ನಲ್ಲೋ ಲಿನಕ್ಸ್ ಅನ್ನು ನೇರವಾಗಿ ಸ್ಥಾಪಿಸಿ, ಕ್ಯೂಎಮು ಯಂತ್ರಗಳನ್ನು ಅದರ ಮೇಲೆ ಓಡಿಸಿ. ಒಂದರೊಳಗೊಂದು ವರ್ಚುವಲೀಕರಣ ಬಳಸಲೇಬೇಕಾದ ಸಂದರ್ಭಗಳಿವೆ, ಬಾಡಿಗೆಯ ಕ್ಲೌಡ್ ಯಂತ್ರಗಳಲ್ಲಿ ಕೆಲಸ ಮಾಡುವವರಿಗೆ ಅದು ಅನಿವಾರ್ಯವಾಗುವುದೂ ಉಂಟು. ಆದರೆ ಸ್ವಂತ ಕಂಪ್ಯೂಟರ್ ಕೈಯಲ್ಲಿರುವಾಗ ಅದರ ಗೊಡವೆ ಬೇಡ.

ಮೆಮೊರಿಯ ಲೆಕ್ಕ ಇನ್ನೂ ಸೂಕ್ಷ್ಮವಾದುದು, ಮತ್ತು 'ಮೊದಲು ಸರಿಯಿತ್ತು, ಆಮೇಲೆ ಕೆಟ್ಟಿತು' ಎಂಬ ನಿಮ್ಮ ಮಾತಿಗೆ ಉತ್ತರ ಅಲ್ಲಿದೆ. ಕ್ಯೂಎಮುಗೆ 2 ಜಿಬಿ ಎಂದು ಹೇಳಿದ ಕೂಡಲೇ ಹೋಸ್ಟ್‌ನಲ್ಲಿ 2 ಜಿಬಿ ಖರ್ಚಾಗುವುದಿಲ್ಲ. ಗೆಸ್ಟ್ ಯಾವ ಯಾವ ಪುಟವನ್ನು ಮುಟ್ಟುತ್ತದೋ ಅಷ್ಟಷ್ಟೇ ಹೋಸ್ಟ್‌ನಲ್ಲಿ ತುಂಬುತ್ತ ಹೋಗುತ್ತದೆ. ಆದ್ದರಿಂದ 20 ಜಿಬಿ ಇರುವಲ್ಲಿ ತಲಾ 2 ಜಿಬಿಯ 10 ಯಂತ್ರಗಳು ಆರಂಭದಲ್ಲಿ ನಿರಾಯಾಸವಾಗಿ ಎದ್ದು ನಿಲ್ಲುತ್ತವೆ. ಫಜಿಂಗ್ ಮುಂದುವರಿದಂತೆ ಗೆಸ್ಟ್‌ಗಳು ತಮ್ಮ ಮೆಮೊರಿಯನ್ನೆಲ್ಲ ಮುಟ್ಟಿಬಿಡುತ್ತವೆ, ಮ್ಯಾನೇಜರ್‌ನ ಕಾರ್ಪಸ್ ಬೆಳೆಯುತ್ತದೆ, ಆಗ ನಡುವಿನ ಉಬುಂಟುವಿನ ಓಓಎಂ ಕಿಲ್ಲರ್ ಎಲ್ಲಕ್ಕಿಂತ ಹೆಚ್ಚು ಮೆಮೊರಿ ಹಿಡಿದಿರುವ ಪ್ರಕ್ರಿಯೆಯನ್ನು ಹುಡುಕಿ ಕೊಲ್ಲುತ್ತದೆ. ಹಾಗೆ ಸಿಗುವುದು ಸಾಮಾನ್ಯವಾಗಿ ಒಂದು ಕ್ಯೂಎಮು. ಮ್ಯಾನೇಜರ್‌ನ ಕಣ್ಣಿಗೆ ಕಾಣುವುದು ಇಷ್ಟೇ: ಸಂಪರ್ಕ ಕಡಿದುಹೋಯಿತು. ಉಬುಂಟುವಿನ ಕರ್ನಲ್ ಲಾಗ್ ತೆರೆದು ಆ ಹೊತ್ತಿನಲ್ಲಿ ಕ್ಯೂಎಮುವನ್ನು ಕೊಂದ ದಾಖಲೆ ಇದೆಯೇ ನೋಡಿ. ಇದ್ದರೆ ಆ ವರದಿಗಳನ್ನು ನಿಶ್ಚಿಂತೆಯಿಂದ ಅಳಿಸಿಹಾಕಬಹುದು.

ನಿಮ್ಮ ಕಂಪ್ಯೂಟರಿನಲ್ಲಿ ಲಿನಕ್ಸ್ ನೇರವಾಗಿ ಓಡುತ್ತಿದೆ ಎಂದುಕೊಂಡರೆ, ತಲಾ 2 ವರ್ಚುವಲ್ ಸಿಪಿಯು ಮತ್ತು 3 ಜಿಬಿ ಮೆಮೊರಿಯ 6 ಯಂತ್ರಗಳಿಂದ ಆರಂಭಿಸಿ. ಅಲ್ಲಿಗೆ 12 ಥ್ರೆಡ್ ಮತ್ತು 18 ಜಿಬಿ ಗೆಸ್ಟ್‌ಗಳಿಗೆ ಹೋಗುತ್ತದೆ. ಉಳಿದ 4 ಥ್ರೆಡ್ ಮತ್ತು 14 ಜಿಬಿ ಮ್ಯಾನೇಜರ್‌ಗೆ, ತಾತ್ಕಾಲಿಕ ಡಿಸ್ಕ್ ಕಡತಗಳಿಗೆ, ಆಗಾಗ ಕರ್ನಲ್ ಕಟ್ಟುವುದಕ್ಕೆ ಸಾಕು. ಸಿಪಿಯು ಉಳಿಸಲೆಂದು ಒಂದೊಂದು ಯಂತ್ರಕ್ಕೆ ಒಂದೇ ಸಿಪಿಯು ಕೊಡುವ ಆಸೆ ಬರಬಹುದು; ಅದು ಬೇಡ. ಎರಡು ಸಿಪಿಯುಗಳು ಒಂದೇ ಹೊತ್ತಿಗೆ ಒಂದೇ ದತ್ತಾಂಶವನ್ನು ಮುಟ್ಟಿದಾಗ ಮಾತ್ರ ಹೊರಬೀಳುವ ರೇಸ್ ದೋಷಗಳು ಕರ್ನಲ್‌ನಲ್ಲಿ ಹೇರಳವಾಗಿವೆ, ಒಂದೇ ಸಿಪಿಯುವಿನ ಯಂತ್ರ ಅವುಗಳಲ್ಲಿ ಹೆಚ್ಚಿನವನ್ನು ಮರೆಮಾಚುತ್ತದೆ. ಯಂತ್ರಗಳ ಸಂಖ್ಯೆಯ ಬಗ್ಗೆ ಇನ್ನೊಂದು ಮಾತು: ಕ್ರ್ಯಾಶ್ ಸಿಕ್ಕಾಗ ಅದನ್ನು ಮತ್ತೆ ಉಂಟುಮಾಡಿ ನೋಡಲು ಮ್ಯಾನೇಜರ್ ಇದೇ ಯಂತ್ರಗಳಲ್ಲಿ ಕೆಲವನ್ನು ಎತ್ತಿಕೊಳ್ಳುತ್ತದೆ. ಯಂತ್ರಗಳು ಎರಡೋ ಮೂರೋ ಇದ್ದರೆ ಆ ಹೊತ್ತಿನಲ್ಲಿ ಫಜಿಂಗ್ ಬಹುತೇಕ ನಿಂತೇಹೋಗುತ್ತದೆ.

ಈಗ ಗೆಸ್ಟ್‌ನಲ್ಲಿ ಓಡಬೇಕಾದ ಕರ್ನಲ್. ವಿತರಣೆಯೊಂದಿಗೆ ಬರುವ ಸಿದ್ಧ ಕರ್ನಲ್ ಈ ಕೆಲಸಕ್ಕೆ ಬಾರದು. ಮುಖ್ಯವಾಗಿ ಬೇಕಾದುದು ಕವರೇಜ್ ದಾಖಲಿಸುವ ಕೆಕೋವ್: ಪ್ರತಿಯೊಂದು ಮೂಲ ಖಂಡದ (ಬೇಸಿಕ್ ಬ್ಲಾಕ್) ಆರಂಭದಲ್ಲೂ ಕಂಪೈಲರ್ ಒಂದು ಸಣ್ಣ ಕರೆಯನ್ನು ಸೇರಿಸುತ್ತದೆ, ಆ ಕರೆಯು ಈಗ ಓಡುತ್ತಿರುವ ವಿಳಾಸವನ್ನು ಆಯಾ ಟಾಸ್ಕ್‌ನ ಬಫರ್‌ಗೆ ಬರೆಯುತ್ತದೆ, ಎಕ್ಸಿಕ್ಯೂಟರ್ ಅದನ್ನು ಡೀಬಗ್‌ಎಫ್‌ಎಸ್ (ಕರ್ನಲ್‌ನ ಡೀಬಗ್ ಕಡತ ವ್ಯವಸ್ಥೆ) ಮೂಲಕ ಓದುತ್ತದೆ. 2016ರ 4.6 ಆವೃತ್ತಿಯಿಂದ ಇದು ಲಿನಕ್ಸ್‌ನಲ್ಲಿದೆ. ಕೆಕೋವ್ ಜೊತೆಗೆ ಹೋಲಿಕೆಗಳನ್ನು ದಾಖಲಿಸುವ ಆಯ್ಕೆಯನ್ನೂ ಹಾಕಿ. ಕರ್ನಲ್ ಒಂದು ಆರ್ಗ್ಯುಮೆಂಟ್ ಅನ್ನು ಯಾವ ಸಂಖ್ಯೆಯೊಂದಿಗೆ ಹೋಲಿಸುತ್ತಿದೆ ಎಂದು ಗೊತ್ತಾದರೆ ಫಜರ್ ಆ ಸಂಖ್ಯೆಯನ್ನೇ ನೇರವಾಗಿ ಕೊಟ್ಟು ಮುಂದೆ ಸಾಗಬಲ್ಲದು. ಡೀಬಗ್ ಮಾಹಿತಿ ಇಲ್ಲದೆ ಕಟ್ಟಬೇಡಿ, ಅದಿಲ್ಲದಿದ್ದರೆ ವರದಿಯಲ್ಲಿ ಕಡತದ ಹೆಸರೂ ಸಾಲಿನ ಸಂಖ್ಯೆಯೂ ಬರುವುದಿಲ್ಲ. ವಿಳಾಸಗಳನ್ನು ಪ್ರತಿ ಬೂಟ್‌ನಲ್ಲೂ ಕಲಸುವ ಕೆಎಎಸ್‌ಎಲ್‌ಆರ್ ಅನ್ನು ಆರಿಸಿಡಿ. ಭದ್ರತೆಗೆ ಅದು ಒಳ್ಳೆಯದು, ಆದರೆ ಇಲ್ಲಿ ಒಂದು ಯಂತ್ರದ ಕವರೇಜ್ ಇನ್ನೊಂದರ ಕವರೇಜ್‌ಗೆ ತಾಳೆಯಾಗಬೇಕು.

ಕೆಕೋವ್ ದಾರಿ ತೋರಿಸುತ್ತದೆಯೇ ಹೊರತು ತಪ್ಪನ್ನು ಹಿಡಿಯುವುದಿಲ್ಲ. ಬಿಡುಗಡೆಯಾದ ಮೆಮೊರಿಯನ್ನು ಮತ್ತೆ ಬಳಸುವುದು, ಎಲ್ಲೆ ಮೀರಿ ಓದುವುದು ಬರೆಯುವುದು ಇವೆಲ್ಲ ಬರಿಯ ಕರ್ನಲ್‌ನಲ್ಲಿ ಬಹಳ ಸಲ ಸದ್ದಿಲ್ಲದೆ ನಡೆದುಹೋಗುತ್ತವೆ, ಇಲ್ಲವೇ ಎಷ್ಟೋ ಹೊತ್ತಿನ ಮೇಲೆ ಸಂಬಂಧವೇ ಇಲ್ಲದ ಜಾಗದಲ್ಲಿ ಸ್ಫೋಟಿಸುತ್ತವೆ. ಆ ಅಪರಾಧವನ್ನು ನಡೆದ ಸ್ಥಳದಲ್ಲೇ ಹಿಡಿಯುವುದು ಕೇಸಾನ್; 2015ರ 4.0 ಆವೃತ್ತಿಯಲ್ಲಿ ಸೇರ್ಪಡೆಯಾದದ್ದು. ಅದರ ಸಾಮಾನ್ಯ ರೂಪವು ಪ್ರತಿ 8 ಬೈಟ್‌ಗೆ 1 ಬೈಟ್‌ನಷ್ಟು ನೆರಳು ಮೆಮೊರಿಯನ್ನು ಇಟ್ಟುಕೊಳ್ಳುತ್ತದೆ, ಅಂದರೆ 3 ಜಿಬಿಯ ಯಂತ್ರದಲ್ಲಿ 384 ಎಂಬಿ ಆರಂಭದಲ್ಲೇ ಹೋಯಿತು. ಬಿಡುಗಡೆಯಾದ ಮೆಮೊರಿಯನ್ನು ಕೂಡಲೇ ಮರುಬಳಕೆಗೆ ಕೊಡದೆ ತಡೆಹಿಡಿಯುವುದರಿಂದ ಇನ್ನೊಂದಷ್ಟು ಹೋಗುತ್ತದೆ, ಕರ್ನಲ್ ಸ್ಟ್ಯಾಕ್‌ಗಳೂ ದೊಡ್ಡದಾಗುತ್ತವೆ. 2 ಜಿಬಿಯ ಬದಲು 3 ಜಿಬಿ ಎಂದು ನಾನು ಹೇಳಿದ್ದಕ್ಕೆ ಇದೇ ಕಾರಣ. ಯಂತ್ರ ನಿಧಾನವಾಗುವುದೂ ನಿಜ, ಆದರೆ ಕೇಸಾನ್ ಇಲ್ಲದೆ ಓಡಿಸಿದ ವೇಗದ ಫಜಿಂಗ್‌ಗಿಂತ ಕೇಸಾನ್ ಇರುವ ನಿಧಾನದ ಫಜಿಂಗ್ ಎಲ್ಲ ರೀತಿಯಿಂದಲೂ ಮೇಲು.

ಇದೇ ವಂಶದ ಇನ್ನೆರಡು ಸಾಧನಗಳಿವೆ: ದತ್ತಾಂಶ ರೇಸ್‌ಗಳನ್ನು ಹಿಡಿಯುವ ಕೆಸಿಸಾನ್ 2020ರ 5.8 ಆವೃತ್ತಿಯಲ್ಲಿ ಬಂತು, ಬೆಲೆ ತುಂಬದ ಮೆಮೊರಿಯ ಬಳಕೆಯನ್ನು ಹಿಡಿಯುವ ಕೆಎಂಸಾನ್ 2022ರ 6.1ರಲ್ಲಿ ಬಂತು. ಮೂರನ್ನೂ ಒಂದೇ ಕರ್ನಲ್‌ನಲ್ಲಿ ಸೇರಿಸಲು ಬರುವುದಿಲ್ಲ, ಒಂದಿದ್ದರೆ ಇನ್ನೊಂದನ್ನು ಕಾನ್ಫಿಗರೇಷನ್ ವ್ಯವಸ್ಥೆಯೇ ತಡೆಯುತ್ತದೆ. ಹೀಗಾಗಿ ಅವು ಬೇಕೆನಿಸಿದರೆ ಬೇರೆ ಕರ್ನಲ್ ಕಟ್ಟಿ, ಬೇರೆ ಕಾರ್ಯಕೋಶ ಮತ್ತು ಬೇರೆ ಮ್ಯಾನೇಜರ್ ಇಡಬೇಕು. ನಿಮಗೆ ಈಗ ಅದರ ಅಗತ್ಯವಿಲ್ಲ. ಕೇಸಾನ್ ಜೊತೆಗೆ ಹೊಂದಿಕೊಳ್ಳುವ, ಲಾಕ್‌ಗಳ ತಪ್ಪು ಬಳಕೆಯನ್ನು ಹಿಡಿಯುವ ಲಾಕ್‌ಡೆಪ್ ಮತ್ತು ಮೆಮೊರಿ ಹಂಚಿಕೆಯನ್ನು ಬೇಕೆಂದೇ ವಿಫಲಗೊಳಿಸುವ ಫಾಲ್ಟ್ ಇಂಜೆಕ್ಷನ್ ಆಯ್ಕೆಗಳನ್ನು ಸೇರಿಸಿ; ದೋಷ ನಿರ್ವಹಣೆಯ ದಾರಿಗಳಲ್ಲಿ ಸಾಮಾನ್ಯವಾಗಿ ಯಾರೂ ನಡೆಯುವುದಿಲ್ಲವಾದ್ದರಿಂದ ಅಲ್ಲಿ ದೋಷಗಳು ಬಹುಕಾಲ ಬದುಕಿರುತ್ತವೆ. ಪರೀಕ್ಷಿಸಬೇಕಾದ ಡ್ರೈವರ್‌ಗಳನ್ನೂ ಕಡತ ವ್ಯವಸ್ಥೆಗಳನ್ನೂ ಮಾಡ್ಯೂಲ್ ಆಗಿ ಬಿಡದೆ ಕರ್ನಲ್‌ನೊಳಗೇ ಸೇರಿಸಿ ಕಟ್ಟಿ, ಏಕೆಂದರೆ ಲೋಡ್ ಆಗದ ಮಾಡ್ಯೂಲ್‌ನಲ್ಲಿ ಕವರೇಜ್ ಇರುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುವುದು ಸೀರಿಯಲ್ ಕನ್ಸೋಲ್‌ಗೆ. ಕರ್ನಲ್ ಬಿದ್ದಾಗ ಡಿಸ್ಕ್‌ಗೆ ಲಾಗ್ ಬರೆಯುವ ಸ್ಥಿತಿಯಲ್ಲಿ ಅದು ಇರುವುದಿಲ್ಲ, ಜಾಲದ ಮೂಲಕ ಕಳುಹಿಸುವ ಸ್ಥಿತಿಯಲ್ಲೂ ಇರುವುದಿಲ್ಲ. ಆದರೆ ಸೀರಿಯಲ್ ಪೋರ್ಟ್‌ಗೆ ಅಕ್ಷರಗಳನ್ನು ಒಂದೊಂದಾಗಿ ತಳ್ಳುವುದು ಅಷ್ಟು ಸರಳವಾದ ಕೆಲಸವಾದ್ದರಿಂದ ಬೀಳುವ ಹೊತ್ತಿನಲ್ಲೂ ಅದು ಸಾಧ್ಯವಾಗುತ್ತದೆ. ಕ್ಯೂಎಮು ಆ ಅಕ್ಷರಗಳನ್ನು ಹೋಸ್ಟ್‌ಗೆ ತಲುಪಿಸುತ್ತದೆ, ಮ್ಯಾನೇಜರ್ ಆ ಪಠ್ಯದಲ್ಲಿ ಕ್ರ್ಯಾಶ್‌ನ ಗುರುತುಗಳನ್ನು ಹುಡುಕುತ್ತದೆ. ಆದ್ದರಿಂದ ಕರ್ನಲ್‌ನ ಬೂಟ್ ಸಾಲಿನಲ್ಲಿ ಕನ್ಸೋಲ್ ಅನ್ನು ಮೊದಲ ಸೀರಿಯಲ್ ಪೋರ್ಟ್‌ಗೆ ತಿರುಗಿಸಿರಬೇಕು, ಬೂಟ್‌ನ ಆರಂಭದ ಸಂದೇಶಗಳಿಗಾಗಿ ಅರ್ಲಿಪ್ರಿಂಟ್‌ಕೆ ಆಯ್ಕೆಯನ್ನೂ ಸೀರಿಯಲ್‌ಗೇ ಕೊಟ್ಟಿರಬೇಕು. ಇದು ಸರಿಯಿಲ್ಲದಿದ್ದರೆ ಕರ್ನಲ್ ತಾನೇಕೆ ಬಿದ್ದೆನೆಂದು ವಿವರವಾಗಿ ಹೇಳಿದರೂ ಆ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಉಳಿಯುವುದು ಅದೇ 'ಸಂಪರ್ಕ ಕಡಿದುಹೋಗಿದೆ' ಎಂಬ ಶೀರ್ಷಿಕೆ.

ಕರ್ನಲ್ ತಪ್ಪನ್ನು ಕಂಡೊಡನೆ ನಿಲ್ಲುವಂತೆಯೂ ಮಾಡಬೇಕು. ಸಾಮಾನ್ಯವಾಗಿ ಲಿನಕ್ಸ್ ಒಂದು ಎಚ್ಚರಿಕೆ ಮುದ್ರಿಸಿ ಮುಂದುವರಿಯುತ್ತದೆ, ಊಪ್ಸ್ (ಕರ್ನಲ್‌ನೊಳಗಿನ ಗಂಭೀರ ತಪ್ಪು) ಆದರೂ ಆ ಒಂದು ಪ್ರಕ್ರಿಯೆಯನ್ನು ಕೊಂದು ಮುಂದುವರಿಯಲು ನೋಡುತ್ತದೆ. ಫಜಿಂಗ್‌ನಲ್ಲಿ ಹೀಗೆ ಮುಂದುವರಿದ ಯಂತ್ರ ಅಪಾಯಕಾರಿ, ಏಕೆಂದರೆ ಅದರ ಒಳಗಿನ ಸ್ಥಿತಿ ಆಗಲೇ ಕೆಟ್ಟಿದೆ, ಆಮೇಲೆ ಬರುವ ವರದಿಗಳು ಹೊಸ ದೋಷಗಳೋ ಹಳೆಯದರ ಪರಿಣಾಮಗಳೋ ಹೇಳಲಾಗದು. ಎಚ್ಚರಿಕೆಗೂ ಊಪ್ಸ್‌ಗೂ ಪ್ಯಾನಿಕ್ ಆಗುವ, ಅಂದರೆ ಇಡೀ ಕರ್ನಲ್ ನಿಂತುಬಿಡುವ, ಬೂಟ್ ಆಯ್ಕೆಗಳನ್ನು ಹಾಕಿ. ಪ್ಯಾನಿಕ್ ಆದ ಮೇಲೆ ಎಷ್ಟು ಸೆಕೆಂಡಿನಲ್ಲಿ ಮರುಬೂಟ್ ಆಗಬೇಕೆಂಬ ಸಂಖ್ಯೆಯನ್ನು ಕೆಲವರು 1 ಎಂದು ಇಡುತ್ತಾರೆ. ಅದರಿಂದ ಕ್ರ್ಯಾಶ್ ವರದಿಯ ಬಾಲಕ್ಕೆ ಹೊಸ ಬೂಟ್‌ನ ಸಂದೇಶಗಳು ಅಂಟಿಕೊಳ್ಳುತ್ತವೆ. 86400 ಎಂದು, ಅಂದರೆ ಒಂದು ಪೂರ್ಣ ದಿನವೆಂದು ಇಟ್ಟರೆ ಯಂತ್ರ ಬಿದ್ದಲ್ಲೇ ಬಿದ್ದಿರುತ್ತದೆ, ಮ್ಯಾನೇಜರ್ ಬಂದು ಲಾಗ್ ತೆಗೆದುಕೊಂಡು ಅದನ್ನು ವಿಲೇವಾರಿ ಮಾಡುತ್ತದೆ.

ಬೀಳದೆ ಹೆಪ್ಪುಗಟ್ಟುವ ಯಂತ್ರಗಳ ವಿಷಯದಲ್ಲಿ ಕಾಲಮಿತಿಗಳ ಕ್ರಮ ಮುಖ್ಯ. ಸಿಪಿಯು ಸಿಕ್ಕಿಹಾಕಿಕೊಂಡಿದ್ದನ್ನು ಸಾಫ್ಟ್ ಲಾಕಪ್ ಪತ್ತೆಗಾರ ಹಿಡಿಯುತ್ತದೆ, ಆರ್‌ಸಿಯು ಮುಂದೆ ಸಾಗದಿದ್ದುದನ್ನು ಸ್ಟಾಲ್ ಪತ್ತೆಗಾರ ಹಿಡಿಯುತ್ತದೆ, ಟಾಸ್ಕ್ ಒಂದು ಲಾಕ್‌ಗಾಗಿ ಕಾದು ಕುಳಿತದ್ದನ್ನು ಹಂಗ್ ಟಾಸ್ಕ್ ಪತ್ತೆಗಾರ ಹಿಡಿಯುತ್ತದೆ, ಯಾವುದೂ ಮಾತನಾಡದಿದ್ದರೆ ಕೊನೆಗೆ ಮ್ಯಾನೇಜರ್ ತಾನೇ 'ಯಂತ್ರದಿಂದ ಯಾವ ಮಾತೂ ಬರುತ್ತಿಲ್ಲ' ಎಂದು ಕೆಲವು ನಿಮಿಷಗಳ ಮೇಲೆ ಕೈಬಿಡುತ್ತದೆ. ಮೂಲ ಕಾರಣಕ್ಕೆ ಹತ್ತಿರವಿರುವ ಪತ್ತೆಗಾರ ಮೊದಲು ಬಾಯಿಬಿಡುವಂತೆ ಇವುಗಳ ಅವಧಿಯನ್ನು ಜೋಡಿಸಬೇಕು. ಸ್ಟಾಲ್‌ಗೆ 100 ಸೆಕೆಂಡು, ಹಂಗ್ ಟಾಸ್ಕ್‌ಗೆ 140 ಸೆಕೆಂಡು ಎಂಬುದು ಚೆನ್ನಾಗಿ ಪಳಗಿದ ಜೋಡಣೆ. ಸಾಫ್ಟ್ ಲಾಕಪ್‌ನ ಮೂಲ ಮಿತಿ 20 ಸೆಕೆಂಡು ಮಾತ್ರ. ಕೇಸಾನ್, ಲಾಕ್‌ಡೆಪ್‌ಗಳಿಂದ ಭಾರವಾದ ಕರ್ನಲ್‌ಗೆ ಅದು ತೀರಾ ಬಿಗಿ, ಆದ್ದರಿಂದ ವಾಚ್‌ಡಾಗ್ ಮಿತಿಯನ್ನು 55ಕ್ಕೆ ಏರಿಸಿದರೆ ಅದರ ಎರಡರಷ್ಟು, ಅಂದರೆ 110 ಸೆಕೆಂಡು ಸಿಗುತ್ತದೆ. ಇಷ್ಟು ಸಡಿಲ ಬಿಟ್ಟ ಮೇಲೂ ಸ್ಟಾಲ್ ವರದಿಗಳು ಬೇರೆ ಬೇರೆ ಜಾಗಗಳನ್ನು ಬೆರಳು ಮಾಡಿ ತೋರಿಸುತ್ತ ಚೆಲ್ಲಾಪಿಲ್ಲಿಯಾಗಿ ಬರುತ್ತಿದ್ದರೆ, ಹೋಸ್ಟ್‌ಗೆ ಹೊರೆ ಹೆಚ್ಚಾಗಿದೆಯೆಂದೇ ತಿಳಿಯಿರಿ. ನಿಜವಾದ ದೋಷವು ಹೆಚ್ಚಾಗಿ ಒಂದೇ ಫಂಕ್ಷನ್‌ನ ಸುತ್ತ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ.

ಡಿಸ್ಕ್ ಇಮೇಜ್‌ನ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಸಿಜ್‌ಕಾಲರ್‌ನ ಜೊತೆ ಬರುವ ಸ್ಕ್ರಿಪ್ಟ್ ಡಿಬೂಟ್‌ಸ್ಟ್ರ್ಯಾಪ್ ಬಳಸಿ ಒಂದು ಚಿಕ್ಕ ಡೆಬಿಯನ್ ಇಮೇಜ್ ಮಾಡಿಕೊಡುತ್ತದೆ, ಎಸ್‌ಎಸ್‌ಎಚ್ ಕೀಲಿಯನ್ನೂ ಅದರಲ್ಲಿ ಇಡುತ್ತದೆ. ಡೆಸ್ಕ್‌ಟಾಪ್ ವಿತರಣೆಯ ದೊಡ್ಡ ಇಮೇಜ್ ಬಳಸಬೇಡಿ. ಬೂಟ್ ತಡವಾಗುತ್ತದೆ, ಹಿನ್ನೆಲೆಯಲ್ಲಿ ಓಡುವ ಸೇವೆಗಳು ಅಡ್ಡ ಬರುತ್ತವೆ. ನಿಮ್ಮ ಇಮೇಜ್ ಕೆಟ್ಟದ್ದು ಏಕೆಂದರೆ ಕೈಯಿಂದ ಬೂಟ್ ಮಾಡುವಾಗ ಕ್ಯೂಎಮುಗೆ ಸ್ನ್ಯಾಪ್‌ಶಾಟ್ ಆಯ್ಕೆಯನ್ನು ಕೊಟ್ಟಿರಲಿಕ್ಕಿಲ್ಲ. ಆ ಆಯ್ಕೆ ಇದ್ದರೆ ಗೆಸ್ಟ್ ಡಿಸ್ಕ್‌ಗೆ ಬರೆಯುವುದೆಲ್ಲ ಒಂದು ತಾತ್ಕಾಲಿಕ ಕಡತಕ್ಕೆ ಹೋಗುತ್ತದೆ, ಕ್ಯೂಎಮು ನಿಂತಾಗ ಅದು ಮಾಯವಾಗುತ್ತದೆ, ಮೂಲ ಇಮೇಜ್ ಮುಟ್ಟದ ಹಾಗೆ ಉಳಿಯುತ್ತದೆ. ಮ್ಯಾನೇಜರ್ ತಾನು ಬೂಟ್ ಮಾಡುವ ಯಂತ್ರಗಳಿಗೆ ಇದನ್ನು ತಾನಾಗಿಯೇ ಹಾಕುತ್ತದೆ, ಅದರಿಂದಲೇ ಒಂದೇ ಇಮೇಜ್‌ನಿಂದ 6 ಯಂತ್ರಗಳು ಏಕಕಾಲಕ್ಕೆ ಓಡಬಲ್ಲವು. ಎಚ್ಚರ ಬೇಕಾದುದು ಇಷ್ಟಕ್ಕೆ: ಆ ತಾತ್ಕಾಲಿಕ ಕಡತಗಳಿರುವ ಡಿಸ್ಕ್‌ನಲ್ಲಿ ಜಾಗ ಮುಗಿದರೆ ಸುಳ್ಳು ವರದಿಗಳು ಹುಟ್ಟುತ್ತವೆ.

ಸುರಕ್ಷತೆಯ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಬಿಡುವಂತಿಲ್ಲ. ಫಜರ್ ಸೂಪರ್‌ಯೂಸರ್ ಅಧಿಕಾರದಲ್ಲಿ, ಅರ್ಥವಿಲ್ಲದ ಆರ್ಗ್ಯುಮೆಂಟ್‌ಗಳೊಂದಿಗೆ, ಜಾಲಕ್ಕೆ ಸಂಬಂಧಿಸಿದ ಸಿಸ್ಟಮ್ ಕಾಲ್‌ಗಳನ್ನೂ ಮಾಡುತ್ತದೆ. ಗೆಸ್ಟ್ ಅನ್ನು ನಿಮ್ಮ ಜಾಲಕ್ಕೆ ಬ್ರಿಡ್ಜ್ ಮಾಡಿದರೆ ಅಲ್ಲಿಂದ ಹೊರಡುವ ವಿಚಿತ್ರ ಪ್ಯಾಕೆಟ್‌ಗಳಿಗೆ ನೀವೇ ಹೊಣೆ. ಕ್ಯೂಎಮುವಿನ ಯೂಸರ್ ಮೋಡ್ ಜಾಲವನ್ನೇ ಬಳಸಿ, ಅದರ ರಿಸ್ಟ್ರಿಕ್ಟ್ ಆಯ್ಕೆಯನ್ನು ಆನ್ ಮಾಡಿ; ಆಗ ಗೆಸ್ಟ್ ಹೊರಗಿನ ಜಾಲವನ್ನು ಮುಟ್ಟಲಾಗದು, ಆದರೆ ಎಸ್‌ಎಸ್‌ಎಚ್‌ಗಾಗಿ ನೀವು ಸ್ಪಷ್ಟವಾಗಿ ತೆರೆದ ಪೋರ್ಟ್ ಮಾತ್ರ ಕೆಲಸ ಮಾಡುತ್ತದೆ. ಹೋಸ್ಟ್‌ನ ಕೋಶಗಳನ್ನು ಗೆಸ್ಟ್‌ಗೆ ಹಂಚಿಕೊಡಬೇಡಿ. ಹೋಸ್ಟ್‌ನ ನಿಜವಾದ ಸಾಧನಗಳನ್ನು ಗೆಸ್ಟ್‌ಗೆ ನೇರವಾಗಿ ಒಪ್ಪಿಸುವುದನ್ನಂತೂ ಮಾಡಲೇಬೇಡಿ. ಮ್ಯಾನೇಜರ್‌ನ ವೆಬ್ ಪುಟಕ್ಕೆ ಪಾಸ್‌ವರ್ಡ್ ಇರುವುದಿಲ್ಲ, ಅದು ಲೂಪ್‌ಬ್ಯಾಕ್ ವಿಳಾಸದಲ್ಲೇ ಇರಲಿ.

ಫಜಿಂಗ್ ಆರಂಭಿಸುವ ಮೊದಲು ಯಂತ್ರವನ್ನು ನೀವೇ ಕೊಂದು ನೋಡಿ. ಬಹಳಷ್ಟು ಜನ ಬಿಟ್ಟುಬಿಡುವ ಹೆಜ್ಜೆ ಇದು, ಆದರೆ ಇದಕ್ಕೆ ಹಿಡಿಯುವುದು ಕೆಲವೇ ನಿಮಿಷ. ಗೆಸ್ಟ್‌ಗೆ ಲಾಗಿನ್ ಆಗಿ, ಕರ್ನಲ್‌ಗೆ ನೇರ ಆದೇಶ ಕೊಡುವ ಸಿಸ್‌ಆರ್‌ಕ್ಯೂ ಟ್ರಿಗರ್ ಕಡತಕ್ಕೆ 'ಸಿ' ಅಕ್ಷರವನ್ನು ಬರೆದರೆ ಕರ್ನಲ್ ಬೀಳಬೇಕು, ಪೂರ್ಣ ಕಾಲ್ ಟ್ರೇಸ್ ನಿಮ್ಮ ಹೋಸ್ಟ್‌ನ ಟರ್ಮಿನಲ್‌ನಲ್ಲಿ ಕಾಣಬೇಕು. ಕರ್ನಲ್‌ನಲ್ಲಿ ಎಲ್‌ಕೆಡಿಟಿಎಂ ಎಂಬ ಪರೀಕ್ಷಾ ಮಾಡ್ಯೂಲ್ ಸೇರಿಸಿದ್ದರೆ ಎಚ್ಚರಿಕೆ, ಪ್ಯಾನಿಕ್, ಸಾಫ್ಟ್ ಲಾಕಪ್, ಹಂಗ್ ಟಾಸ್ಕ್ ಎಲ್ಲವನ್ನೂ ಒಂದೊಂದಾಗಿ ಬೇಕೆಂದೇ ಉಂಟುಮಾಡಬಹುದು. ಎಚ್ಚರಿಕೆ ಪ್ಯಾನಿಕ್ ಆಗುತ್ತದೆಯೇ? ಹಂಗ್ ಟಾಸ್ಕ್ 140 ಸೆಕೆಂಡು ದಾಟಿದ ಮೇಲೆ ಮಾತನಾಡುತ್ತದೆಯೇ? ಪ್ಯಾನಿಕ್ ಆದ ಯಂತ್ರ ಬಿದ್ದಲ್ಲೇ ಇರುತ್ತದೆಯೇ? ಕೇಸಾನ್‌ಗೂ ಕರ್ನಲ್‌ನ ಮೂಲದಲ್ಲೇ ಪರೀಕ್ಷೆಗಳಿವೆ, ಅವನ್ನು ಓಡಿಸಿ ವರದಿಯ ರೂಪವನ್ನು ಒಮ್ಮೆ ಕಣ್ಣಾರೆ ನೋಡಿಟ್ಟುಕೊಳ್ಳಿ. ಬೇಕೆಂದು ಮಾಡಿದ ದೋಷದ ವರದಿ ನಿಮಗೆ ತಲುಪದಿದ್ದರೆ, ಆಕಸ್ಮಿಕವಾಗಿ ಸಿಕ್ಕ ದೋಷದ ವರದಿ ತಲುಪುವ ಸಂಭವವೇ ಇಲ್ಲ.

ಆಮೇಲೆ ಮ್ಯಾನೇಜರ್ ಆರಂಭಿಸಿದಾಗ ಮೊದಲು ಒಂದೇ ಯಂತ್ರ, ಒಂದೇ ಪ್ರೊಸೆಸ್ ಇಟ್ಟು, ವೆಬ್ ಪುಟದಲ್ಲಿ ಕವರೇಜ್ ಸಂಖ್ಯೆ ಏರುತ್ತಿದೆಯೇ ನೋಡಿ. ಅದು ಸೊನ್ನೆಯಲ್ಲೇ ನಿಂತಿದ್ದರೆ ಕೆಕೋವ್ ಅಥವಾ ಡೀಬಗ್‌ಎಫ್‌ಎಸ್ ಸರಿಯಿಲ್ಲ. ಸರಿಯೆನಿಸಿದರೆ 6 ಯಂತ್ರಗಳಿಗೆ ಏರಿಸಿ, ಒಂದೊಂದರಲ್ಲಿ 4 ಪ್ರೊಸೆಸ್ ಸಾಕು. ಪ್ರೊಸೆಸ್‌ಗಳು ಹೆಚ್ಚಿದಷ್ಟೂ ಕ್ರ್ಯಾಶ್ ಆದ ಕ್ಷಣದಲ್ಲಿ ಓಡುತ್ತಿದ್ದ ಸರಣಿಗಳು ಹೆಚ್ಚು, ತಪ್ಪಿತಸ್ಥ ಯಾವುದೆಂದು ಬೇರ್ಪಡಿಸುವ ಕೆಲಸವೂ ಅಷ್ಟೇ ಕಷ್ಟ. ಇಡೀ ಕರ್ನಲ್ ಅನ್ನು ಒಮ್ಮೆಗೇ ಗುರಿಯಾಗಿಸುವ ಬದಲು ನಿಮಗೆ ತಿಳಿದ ಒಂದು ಉಪವ್ಯವಸ್ಥೆಯ ಸಿಸ್ಟಮ್ ಕಾಲ್‌ಗಳನ್ನು ಮಾತ್ರ ಸಕ್ರಿಯಗೊಳಿಸಿ ಎಂದು ನಾನು ಹೇಳುವೆ. ಸಾಮಾನ್ಯ ಗುರಿಯ ಫಜಿಂಗ್ ಅನ್ನು 2017ರಿಂದ ಸಿಜ್‌ಬಾಟ್ ಎಂಬ ಸ್ವಯಂಚಾಲಿತ ಸೇವೆ ಎಡೆಬಿಡದೆ ನಡೆಸುತ್ತ ಬಂದಿದೆ. ಅದೇ ಕೆಲಸವನ್ನು ಒಂದು ಕಂಪ್ಯೂಟರಿನಲ್ಲಿ ಮತ್ತೆ ಮಾಡುವುದಕ್ಕಿಂತ, ವಿವರಣೆಗಳು ತೆಳುವಾಗಿರುವ ಒಂದು ಮೂಲೆಯನ್ನು ಆರಿಸಿ, ಅದರ ಸಿಸ್ಟಮ್ ಕಾಲ್ ವಿವರಣೆಗಳನ್ನು ನೀವೇ ಬರೆದು ಸೇರಿಸಿದರೆ ಹೊಸದೇನಾದರೂ ಸಿಗುವ ಸಾಧ್ಯತೆ ಹೆಚ್ಚು. ಕಾರ್ಯಕೋಶದಲ್ಲಿರುವ ಕಾರ್ಪಸ್ ಕಡತವನ್ನು ಆಗಾಗ ನಕಲು ಮಾಡಿಟ್ಟುಕೊಳ್ಳಿ. ದಿನಗಟ್ಟಲೆ ಓಡಿದ ದುಡಿಮೆಯೆಲ್ಲ ಇರುವುದು ಅದೊಂದರಲ್ಲೇ.

ಮೂಲ ಸಂಕೇತ ಸಿಗದ ಕರ್ನಲ್‌ಗಳಿಗೆ ಈ ದಾರಿ ಹೊಂದುವುದಿಲ್ಲ. ಅಲ್ಲಿ ಕಂಪೈಲರ್ ಬದಲು ಪ್ರೊಸೆಸರ್‌ನ ಇಂಟೆಲ್ ಪಿಟಿ ಸೌಲಭ್ಯದಿಂದ ಕವರೇಜ್ ಪಡೆಯುವ ಕೆಎಎಫ್‌ಎಲ್‌ನಂಥ ಸಾಧನಗಳಿವೆ; 2017ರಲ್ಲಿ ಪ್ರಕಟವಾದ ಆ ವಿಧಾನಕ್ಕೆ ತಕ್ಕ ಪ್ರೊಸೆಸರ್ ಬೇಕು, ಹೋಸ್ಟ್‌ನಲ್ಲಿ ನಿಜವಾದ ಲಿನಕ್ಸ್ ಬೇಕು. ನಿಮ್ಮ ಗುರಿ ಲಿನಕ್ಸ್ ಆಗಿರುವುದರಿಂದ ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಕೆಲವು 'ಸಂಪರ್ಕ ಕಡಿದುಹೋಗಿದೆ' ವರದಿಗಳು ಉಳಿಯುತ್ತವೆ, ಅವಕ್ಕೆ ಎರಡು ಮುಖ್ಯ ಮೂಲಗಳಿವೆ. ಮೊದಲನೆಯದು ನಿರುಪದ್ರವಿ: ಫಜರ್ ತಾನೇ ಜಾಲದ ಇಂಟರ್‌ಫೇಸ್ ಅನ್ನು ಇಳಿಸಿರುತ್ತದೆ, ಇಲ್ಲವೇ ಎಸ್‌ಎಸ್‌ಎಚ್ ಸೇವೆಯನ್ನು ಕೊಂದಿರುತ್ತದೆ, ಕರ್ನಲ್ ಕೇಳಿದ್ದನ್ನು ಮಾಡಿದೆ ಅಷ್ಟೆ. ಎರಡನೆಯದು ಗಂಭೀರ: ಟ್ರಿಪಲ್ ಫಾಲ್ಟ್ (ದೋಷವನ್ನು ನಿಭಾಯಿಸುವಾಗಲೇ ಮತ್ತೆ ಮತ್ತೆ ದೋಷ) ಆಗಿ, ಒಂದಕ್ಷರವನ್ನೂ ಮುದ್ರಿಸಲು ಅವಕಾಶವಿಲ್ಲದೆ ಸಿಪಿಯು ಮರುಹೊಂದಿಕೆಯಾಗಿರುತ್ತದೆ. ಬೇರ್ಪಡಿಸುವ ವಿಧಾನ ಹೀಗಿದೆ. ಬೇರೆಲ್ಲ ಯಂತ್ರಗಳನ್ನೂ ನಿಲ್ಲಿಸಿ, ಮರುಬೂಟ್ ಮಾಡದಿರುವ ಆಯ್ಕೆಯೊಂದಿಗೆ ಒಂದೇ ಕ್ಯೂಎಮು ಬೂಟ್ ಮಾಡಿ, ಆ ವರದಿಯ ಲಾಗ್‌ನಲ್ಲಿರುವ ಸರಣಿಗಳನ್ನು ಸಿಜ್ ಎಕ್ಸೆಕ್‌ಪ್ರೋಗ್ ಎಂಬ ಉಪಕರಣದಿಂದ ಗೆಸ್ಟ್‌ನೊಳಗೆ ಮತ್ತೆ ಓಡಿಸಿ. ಕ್ಯೂಎಮು ತಾನಾಗಿಯೇ ಮುಚ್ಚಿಕೊಂಡರೆ, ಮತ್ತು ಹೋಸ್ಟ್‌ನ ಲಾಗ್‌ನಲ್ಲಿ ಓಓಎಂ ದಾಖಲೆಯೂ ಗೆಸ್ಟ್‌ನ ಕನ್ಸೋಲ್‌ನಲ್ಲಿ ಕ್ರಮಬದ್ಧವಾಗಿ ನಿಂತ ಸಂದೇಶವೂ ಇಲ್ಲದಿದ್ದರೆ, ಯಂತ್ರ ಮರುಹೊಂದಿಕೆಯಾಗಿದೆ. ಆ ವರದಿಯನ್ನು ಅಳಿಸಬೇಡಿ. ಸರಣಿಗಳನ್ನು ಅರ್ಧರ್ಧ ಮಾಡುತ್ತ ಕಿರಿದುಗೊಳಿಸಿ, ಕಾರಣವಾದ ಸರಣಿ ಒಂಟಿಯಾಗಿ ಸಿಗುವವರೆಗೆ ಮುಂದುವರಿಯಿರಿ. ಕ್ಯೂಎಮು ಓಡುತ್ತಲೇ ಇದ್ದು ಸೀರಿಯಲ್ ಕನ್ಸೋಲ್‌ನಲ್ಲಿ ಲಾಗಿನ್ ಆಗಲು ಬರುತ್ತಿದ್ದರೆ ಅದು ಮೊದಲನೆಯ ಬಗೆ. ಆ ಸಿಸ್ಟಮ್ ಕಾಲ್ ಅನ್ನು ಮ್ಯಾನೇಜರ್‌ನ ಕಾನ್ಫಿಗ್ ಕಡತದಲ್ಲಿ ನಿಷ್ಕ್ರಿಯಗೊಳಿಸಿ ಮುಂದೆ ಹೋಗಿ.